ಡಬ್ಬಿ ಖಾಲಿ, ಮೇಜೂ ಖಾಲಿ

ಪಾಸಾದಳು! ನನ್ನ ಮೊಮ್ಮಗಳು ಪಾಸಾದಳು! ಇವತ್ತು ಮಧ್ಯಾಹ್ನ ಇಬ್ಬರು ದೊಡ್ಡ ಮೇಷ್ಟ್ರುಗಳು ಬಾಗಿಲು ಹಾಕಿಕೊಂಡು ಅವಳನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ಸ್ವಲ್ಪ ಹೊತ್ತು ಆಚೆ ಕೂರಿಸಿ, ಮತ್ತೆ ಒಳಗೆ ಕರೆದು, ಡಾಕ್ಟರ್ ಅಂತ ಕೈ ಕುಲುಕಿದರಂತೆ. ಫೋನು ಬಂದಾಗ ನಾನು ಹೂರಣ ರುಬ್ಬುತ್ತಿದ್ದೆ. ಪಾಸಾಗಲಿ ಬಿಡಲಿ, ಹೋಳಿಗೆ ಅಂತೂ ಆಗಲೇಬೇಕು ಅಂತ ಬೆಳಿಗ್ಗೆಯೇ ಬೇಳೆ ಬೇಯಿಸಿಟ್ಟಿದ್ದೆ. "ಅಜ್ಜೀ, ಆಯ್ತು" ಅಂದಳು, ಅಷ್ಟೆ. ಹೂರಣದ ಕೈಯಲ್ಲೇ, ಕೋಟೂ ಹಾಕದೆ ಓಡಿಹೋಗಿ ಪಕ್ಕದ ಮನೆಯ ಬೆಲ್ಲು ಒತ್ತಿದೆ. ಆ ಇಂಗ್ಲಿಷ್ ಅಜ್ಜಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. "ಪಾಸ್! ಪಾಸ್!" ಅಂದೆ. ಆಕೆ ನನ್ನನ್ನು ತಬ್ಬಿಕೊಂಡರು. ಅವರ ಸ್ವೆಟರಿಗೆ ಹೂರಣ ಮೆತ್ತಿತು. ಇಬ್ಬರೂ ನೋಡಿಕೊಂಡು ನಕ್ಕೆವು.

ನಮ್ಮ ಮನೆಯಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಮಗ ದೊಡ್ಡಾಸ್ಪತ್ರೆಯಲ್ಲಿ, ಸೊಸೆ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಮ್ಯಾಂಚೆಸ್ಟರಿನ ಈ ಡಿಡ್ಸ್‌ಬರಿಯಲ್ಲಿ ಕಲ್ಲೆಸೆದರೆ ಡಾಕ್ಟರಿಗೇ ಬೀಳುತ್ತದೆ. ಆದರೆ ಇವಳು ನೆಗಡಿಗೂ ಮಾತ್ರೆ ಬರೆದುಕೊಡಲಾಗದ ಡಾಕ್ಟರು, ಹಾಗಿದ್ದೂ ಮೂವರಲ್ಲಿ ನನ್ನನ್ನು ಹೆಚ್ಚು ಅಳಿಸಿದವಳು ಇವಳೇ. ನಾನು ನಾಲ್ಕನೇ ಕ್ಲಾಸು ಓದಿದವಳು. ತುಮಕೂರಿನಲ್ಲಿ ಮನೆಬಾಗಿಲಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಬರೆದದ್ದೆಂದರೆ ತೋಳಿನ ಉದ್ದ, ಸೊಂಟದ ಸುತ್ತಳತೆ. ಇವತ್ತು ಮಾತ್ರ ಕೈ ಸುಮ್ಮನಿರುತ್ತಿಲ್ಲ. ಇವಳ ಓದಿನಲ್ಲಿ ನಾನೂ ಒಂದು ಚಳಿಗಾಲ ದುಡಿದೆ, ಕೆಲಸವನ್ನು ಪೂರಾ ಕೆಡಿಸಿದೆ. ಅದನ್ನೇ ಬರೆಯುತ್ತೇನೆ.

ಪುಟ್ಟಿ ಓದುತ್ತಿದ್ದದ್ದು ಗುಲಾಮರ ವಿಷಯ. ಅಮೆರಿಕದಲ್ಲಿ ಹಿಂದೆ ಕರಿಯ ಜನರನ್ನು ದನ ಕೊಂಡ ಹಾಗೆ ಕೊಂಡು ದುಡಿಸುತ್ತಿದ್ದರಲ್ಲ, ಅವರಲ್ಲಿ ಕೆಲವರು ತಪ್ಪಿಸಿಕೊಂಡು ಉತ್ತರಕ್ಕೆ ಓಡುತ್ತಿದ್ದರು. ಓಡಿಬಂದವರನ್ನು ಒಂದು ಮನೆಯವರು ಬಚ್ಚಿಟ್ಟು ಉಣ್ಣಿಸಿ ಮುಂದಿನ ಮನೆಗೆ ದಾಟಿಸುವರು, ಆ ಮನೆಯವರು ಇನ್ನೊಂದಕ್ಕೆ. ಅದಕ್ಕೆ ರೈಲು ಅಂತ ಹೆಸರಿತ್ತಂತೆ. ಹಳಿ ಇಲ್ಲ, ಎಂಜಿನ್ನಿಲ್ಲ, ಬರೀ ಮನೆಗಳು. ಜೀತದವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಇದು ಅದಕ್ಕಿಂತ ಘೋರ, ಮಗುವನ್ನು ತಾಯಿಯಿಂದ ಕಿತ್ತು ಮಾರುವುದು.

"ಅದಕ್ಕೂ ಈ ಊರಿಗೂ ಏನು ಸಂಬಂಧ ಪುಟ್ಟಿ?" ಅಂತ ಕೇಳಿದ್ದೆ.

"ಅದೇ ಅಜ್ಜಿ ನನ್ನ ಥೀಸಿಸ್. ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಇಲ್ಲೆಲ್ಲ ಲೇಡೀಸ್ ಗ್ರೂಪ್ಸ್ ಇದ್ವು. ಹೊಲೀತಿದ್ರು. ಸ್ಮಾಲ್ ಥಿಂಗ್ಸ್. ಕೂಸಿನ ಟೋಪಿ, ಚೀಲ, ಸೂಜಿ ಚುಚ್ಚಿಡೋ ದಿಂಬು. ಬಾಕ್ಸ್‌ನಲ್ಲಿ ಹಾಕಿ ಹಡಗಲ್ಲಿ ಅಮೆರಿಕಾಗೆ ಕಳಿಸ್ತಿದ್ರು. ಅದು ಮಾರಿದ ದುಡ್ಡಲ್ಲಿ ಓಡಿಬಂದೋರಿಗೆ ಶೂಸ್, ಟಿಕೆಟ್, ಊಟ."

ಹೊಲಿದು ಜನರನ್ನು ಬಿಡಿಸಿದರೇ! ನನಗೆ ಅಲ್ಲೇ ಹುಚ್ಚು ಹಿಡಿಯಿತು. ಮುಂದಿನ ಸಲ ಲೀಡ್ಸಿಗೆ ಹೋಗುವಾಗ ನಾನೂ ಬರುತ್ತೇನೆ ಅಂತ ಹಟ ಹಿಡಿದೆ.

ಸುರಂಗ ದಾಟಿ, ಹಡರ್ಸ್‌ಫೀಲ್ಡ್ ದಾಟಿ ರೈಲಿನಲ್ಲಿ ಹೋದೆವು. ಹಳೇ ಕಾಗದ ಇಡುವ ಆ ಕಚೇರಿಯಲ್ಲಿ ಬ್ಯಾಗು, ಕೋಟು, ಚಿತ್ರಾನ್ನದ ಡಬ್ಬಿ ಎಲ್ಲವನ್ನೂ ಬೀರುವಿಗೆ ಹಾಕಿ ಬೀಗ ಹಾಕಿಸಿದರು. ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ಪುಸ್ತಕವನ್ನು ದಿಂಬಿನ ಮೇಲೆ ಮಲಗಿಸಿ ತಂದುಕೊಟ್ಟರು, ಬಾಣಂತಿ ಕೈಗೆ ಮಗು ಕೊಟ್ಟ ಹಾಗೆ. ಪುಟ್ಟಿ ಒಂದೊಂದೇ ಹಾಳೆ ತಿರುವುತ್ತ ಪಿಸುಗುಟ್ಟುವಳು: "ಸೇರಿದರು, ಓದಿದರು, ಹೊಲಿದರು, ಪೆಟ್ಟಿಗೆ ಕಟ್ಟಿದರು." ಮುಂದಿನ ಹಾಳೆಯಲ್ಲೂ ಅದೇ, ಅದರ ಮುಂದೆಯೂ ಅದೇ. ಪೆಟ್ಟಿಗೆ ಹೋಗಿ ಏನಾಯಿತು, ಯಾರಿಗೆ ತಲುಪಿತು, ಒಂದು ಸಾಲೂ ಇಲ್ಲ. ಇದೇ ಕಾಗದಗಳನ್ನು ಅವಳು ಎಷ್ಟೋ ತಿಂಗಳಿಂದ ತಿರುವುತ್ತಿದ್ದಳಂತೆ. ಹಸಿವಿನಿಂದ ನನಗೆ ತಲೆ ಸುತ್ತಿತು. ಬೀಗ ಹಾಕಿದ ಚಿತ್ರಾನ್ನ ನೆನೆದುಕೊಂಡೇ ಸಂಜೆ ಮಾಡಿದೆ.

ಅದಾದ ಕೆಲವೇ ದಿನಕ್ಕೆ ಅವಳ ಗೈಡ್ ಮೇಡಮ್ಮು ಇವಳು ಬರೆದದ್ದನ್ನು ವಾಪಸು ಕೊಟ್ಟರು. ಹೊಲಿದರು ಸರಿ, ಆ ಹೊಲಿಗೆಯಿಂದ ಒಬ್ಬರಿಗಾದರೂ ಉಪಕಾರವಾಯಿತು ಅಂತ ಎಲ್ಲಿ ತೋರಿಸಿದ್ದೀಯೆ ಅಂತ ಕೇಳಿದರಂತೆ. ಬೇಸಿಗೆಯ ಪರಿಶೀಲನೆಯಲ್ಲೂ ಹೀಗೇ ಇದ್ದರೆ ಪಿಎಚ್‌ಡಿ ಇಲ್ಲ, ಸಣ್ಣದೊಂದು ಡಿಗ್ರಿ ಕೊಟ್ಟು ಕಳಿಸಿಬಿಡುತ್ತಾರೆ. ಫಾಲೋಫೀಲ್ಡಿನ ಬಾಡಿಗೆ ಕೋಣೆಯಿಂದ ಬಟ್ಟೆಬರೆ ಸಮೇತ ಬಂದು ಸೋಫಾದ ಮೇಲೆ ಮುಖ ಮುಚ್ಚಿಕೊಂಡಳು.

ನನ್ನ ಮಗ ಸುಮ್ಮನಿರಬೇಕೋ ಬೇಡವೋ? "ಮೆಡಿಸಿನ್ ಮಾಡು ಅಂತ ಬಡ್ಕೊಂಡೆ. ಕೇಳಿದ್ಯಾ? ಸೂಜಿ ದಿಂಬಿನ ಮೇಲೆ ಯಾರಾದ್ರೂ ಪಿಎಚ್‌ಡಿ ಮಾಡ್ತಾರಾ?"

"ಡ್ಯಾಡ್, ಪ್ಲೀಸ್."

"ಏ, ನಿನ್ನ ಮೆಡಿಸಿನ್ ಫೀಸು ಹುಟ್ಟಿದ್ದು ಸೂಜಿಯಿಂದಲೇ ಕಣೋ," ಅಂದೆ. ಅವನು ಟೈ ಬಿಚ್ಚುತ್ತ ಮಹಡಿಗೆ ಹೋದ.

ಆಗ ಪುಟ್ಟಿಗೆ ಒಂದು ಉಪಾಯ ಹೊಳೆಯಿತು. ಆ ಹೆಂಗಸರು ಮಾಡಿದ್ದನ್ನು ನಾವೇ ಮಾಡಿ ನೋಡುವುದು. ಭಾನುವಾರ ಭಾನುವಾರ ಸೇರಿ ಕೈಯಲ್ಲಿ ಹೊಲಿಯುವುದು, ಒಬ್ಬರು ಓದಿ ಹೇಳುವುದು, ವಸಂತದಲ್ಲಿ ಒಂದು ಹಾಲ್‌ನಲ್ಲಿ ಮಾರಾಟ ಇಟ್ಟು ಗೈಡ್ ಮೇಡಮ್ಮನ್ನು ಕರೆಸುವುದು. ಬಂದ ದುಡ್ಡು ಇಲ್ಲಿಗೆ ಬಂದಿರುವ ನಿರಾಶ್ರಿತರಿಗೆ ಬೆಚ್ಚನೆ ಬಟ್ಟೆ ಕೊಡುವ ಒಂದು ಸಂಸ್ಥೆಗೆ. ಹೊಲಿಗೆ ಹೇಗೆ ದುಡ್ಡಾಗುತ್ತದೆ, ದುಡ್ಡು ಹೇಗೆ ಚಪ್ಪಲಿಯಾಗುತ್ತದೆ ಅಂತ ಕಣ್ಣಾರೆ ತೋರಿಸಿದರೆ ಅವರು ಒಪ್ಪಿಯಾರು. ಹೊಲಿಸುವ ಭಾರ ನನ್ನ ಮೇಲೆ. ಎರಡು ಸಾವಿರದ ಹದಿನೈದರ ಚಳಿಗಾಲ ಅದು. ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿಗೆ ಸೊಸೆ ಒಂದು ಸಾಲು ಹಾಕಿದ್ದೇ ತಡ, ನಾ ಬರ್ತೀನಿ ನಾ ಬರ್ತೀನಿ ಅಂತ ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಮೊದಲ ತಾಪತ್ರಯ ಬಟ್ಟೆಯದು. ಗುಲಾಮರು ಬೆಳೆದ ಹತ್ತಿಯನ್ನು ಮುಟ್ಟುವುದಿಲ್ಲ ಅಂತ ಆ ಕಾಲದ ಹೆಂಗಸರು ಹಟ ಹಿಡಿದು, ನಮ್ಮ ಇಂಡಿಯಾದ ಹತ್ತಿ ಬಟ್ಟೆ ಹುಡುಕಿ ತರಿಸುತ್ತಿದ್ದರಂತೆ. "ಆಹಾ, ನಮ್ಮ ಕಡೆ ಹತ್ತಿ ಬಿಡಿಸಿದೋರಿಗೆ ಕೂಲಿ ಯಾರು ಕೊಟ್ರು ಅಂತ ಕೇಳಿದ್ರಂತಾ?" ಅಂದೆ. ಪುಟ್ಟಿ ಅದನ್ನು ಬರೆದುಕೊಂಡಳು. ವಿಲ್ಮ್ಸ್‌ಲೋ ರೋಡಿನ ಅಂಗಡಿಯವನು ಅಪ್ಪಟ ಕಾಟನ್ ಮಾತಾಜಿ ಅಂತ ಆಣೆ ಮಾಡಿ ಕೊಟ್ಟ. ಆಣೆ ನಂಬಿ ಬಟ್ಟೆ ಕೊಂಡವಳಲ್ಲ ನಾನು. ಮನೆಗೆ ತಂದು ಅಂಚಿನಿಂದ ಎಳೆ ಕಿತ್ತು ಬೆಂಕಿಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಬೆರಕೆಯಾದರೆ ಕರಗಿ ಕರೀ ಮಣಿಯಾಗಿ ಗಟ್ಟಿಯಾಗುತ್ತದೆ. ಮಣಿಯೇ ಆಯಿತು. ಇನ್ನೊಂದು ತುಂಡು ನೋಡೋಣ ಅಂತ ಸುಟ್ಟೆ. ಮೇಲಿದ್ದ ಹೊಗೆ ಗಂಟೆ ಕಿರುಚಿಕೊಂಡಿತು. ನೈಟ್ ಡ್ಯೂಟಿ ಮುಗಿಸಿ ಮಲಗಿದ್ದ ಮಗ ಮೆಟ್ಟಿಲು ಹಾರಿ ಬಂದ. "ಅಮ್ಮಾ! ಮನೆ ಸುಡ್ತಿದ್ದೀಯಾ?" ಇಡೀ ಬಟ್ಟೆಯನ್ನು ವಾಪಸು ಕೊಟ್ಟು ನಿಜವಾದ ಹತ್ತಿ ತರಲು ಮತ್ತೆರಡು ಬಸ್ಸು.

ಹೊಲಿಯುವವರದು ಇನ್ನೊಂದು ಗೋಳು. ಹೆಬ್ಬೆಟ್ಟು ಒತ್ತಿದವರಲ್ಲಿ ಅರ್ಧ ಜನ ಬರಲೇ ಇಲ್ಲ. ಒಬ್ಬಳಿಗೆ ಆಸ್ಪತ್ರೆಯ ಡ್ಯೂಟಿ ರೋಟಾ ಬದಲಾಯಿತು, ಒಬ್ಬಳಿಗೆ ಆನ್-ಕಾಲ್, ಇನ್ನೊಬ್ಬಳ ಮಗನಿಗೆ ಈಜಿನ ಕ್ಲಾಸು. ಬಂದವರಲ್ಲಿ ಸೂಜಿಗೆ ದಾರ ಪೋಣಿಸಲು ಬಾರದವರೇ ಹೆಚ್ಚು. ಹಡರ್ಸ್‌ಫೀಲ್ಡಿನಿಂದ ಬರುತ್ತಿದ್ದ ಎಂಜಿನಿಯರ್ ಹುಡುಗಿ ಲ್ಯಾಪ್‌ಟಾಪಿನಲ್ಲಿ ಗೀಟೆಳೆದು ನಕಾಶೆ ಮಾಡಿ ತಂದಳು. ನಕಾಶೆ ಚಂದ, ಚೀಲ ಸೊಟ್ಟ. ಸೂಜಿ ದಿಂಬಿಗೆ ತೌಡು ಬಿಗಿಯಾಗಿ ಗಿಡಿದು ತುಂಬಬೇಕು, ಇಲ್ಲದಿದ್ದರೆ ನಾಲ್ಕು ದಿನಕ್ಕೆ ಮುದುಕಿ ಕೆನ್ನೆಯ ಹಾಗೆ ಇಳಿಬೀಳುತ್ತದೆ. ಹೇಳಿ ಹೇಳಿ ನನ್ನ ಗಂಟಲು ಬಿತ್ತು.

ಎಲ್ಲರಿಗಿಂತ ನಮ್ಮ ಸರ್ಜನ್ನಮ್ಮನದೇ ಕಥೆ. ದೊಡ್ಡ ಸರ್ಜನ್ನು, ದಿನಾ ಹೊಟ್ಟೆ ಕೊಯ್ದು ಹೊಲಿಯುವವಳು. ಇವಳೊಬ್ಬಳಿದ್ದರೆ ಸಾಕು ಅಂದುಕೊಂಡಿದ್ದೆ. ಅವಳು ಒಂದು ಹೊಲಿಗೆ ಹಾಕುವಳು, ಗಂಟು ಬಿಗಿಯುವಳು, ದಾರ ಕತ್ತರಿಸುವಳು. ಮತ್ತೊಂದು ಹೊಲಿಗೆ, ಮತ್ತೊಂದು ಗಂಟು.

"ಇದೇನಮ್ಮಾ ಇದು, ಪ್ರತಿ ಹೊಲಿಗೆಗೂ ಗಂಟು?"

"ಒಂದು ಬಿಚ್ಚಿಕೊಂಡ್ರೂ ಮಿಕ್ಕಿದ್ದು ಹಿಡ್ಕೊಂಡಿರಬೇಕಲ್ಲ ಆಂಟಿ."

"ಇದು ಸೂಜಿ ದಿಂಬು ಕಣಮ್ಮಾ. ಇದಕ್ಕೆ ಕೆಮ್ಮು ಬರಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಆದರೆ ಆ ಕೈ ಕೊನೆಯವರೆಗೂ ತಿದ್ದಿಕೊಳ್ಳಲಿಲ್ಲ. ನಾನು ಅವರು ಹೋದ ಮೇಲೆ ಕೂತು ಅರ್ಧ ಕೆಲಸ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ನನ್ನ ಕಣ್ಣಿಗೂ ಪೊರೆ. ಮೂಗಿನ ತುದಿಗೆ ಹಿಡಿದು ಹೊಲಿದು ಹೊಲಿದು ಬೆರಳಿನ ಹಿತ್ತಾಳೆ ಟೋಪಿಯೂ ತೂತು ಬೀಳುವ ಹಾಗಾಯಿತು. ಯಾಕಾದರೂ ಒಪ್ಪಿಕೊಂಡೆನೋ ಅಂತ ಎಷ್ಟು ಸಲ ಅನ್ನಿಸಿತೋ.

ಓದುವ ಹೊತ್ತು ಮಾತ್ರ ಬೇರೆ. ಓಡಿಬಂದವರು ತಮ್ಮ ಕಥೆಯನ್ನು ತಾವೇ ಹೇಳಿದ ಹಳೇ ಪುಸ್ತಕಗಳಿಂದ ಪುಟ್ಟಿ ಇಂಗ್ಲಿಷಿನಲ್ಲಿ ಓದುವಳು, ಸರ್ಜನ್ನಮ್ಮ ನನಗೋಸ್ಕರ ಕನ್ನಡದಲ್ಲಿ ಹೇಳುವಳು. ಒಂದು ಭಾನುವಾರ, ಕೂಸನ್ನು ಕಟ್ಟಿಕೊಂಡು ಹೊಳೆ ದಾಟಿದ ತಾಯಿಯ ಕಥೆ ಬಂತು. ಕೂಸು ಅತ್ತರೆ ಹಿಡಿಯುವವರಿಗೆ ಗೊತ್ತಾಗುತ್ತದೆ. ಸರ್ಜನ್ನಮ್ಮ ಹೇಳುತ್ತ ಹೇಳುತ್ತ ನಿಲ್ಲಿಸಿದಳು. ನಾನು ಆಗ ಹೊಲಿಯುತ್ತಿದ್ದದ್ದು ಕೂಸಿನ ಕುಲಾವಿ. ಅವತ್ತು ಅದರ ಒಳಗೆ ಇನ್ನೊಂದು ಪದರ ಮೆತ್ತನೆ ಬಟ್ಟೆ ಕೊಟ್ಟೆ.

ಅಂತೂ ವಸಂತ ಬಂತು. ಡಿಡ್ಸ್‌ಬರಿಯಲ್ಲೇ ಒಂದು ಹಾಲ್ ಗೊತ್ತುಮಾಡಿದೆವು. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದರು. ಬಿಳೀ ಹಾಸಿನ ಮೇಲೆ ಕುಲಾವಿ, ಲಾಡಿ ಚೀಲ, ಸೂಜಿ ದಿಂಬು ಜೋಡಿಸಿದೆವು. ಹೆಣ್ಣುಮಕ್ಕಳು ಬರುವ ಕಡೆ ಬಾಗಿಲಲ್ಲಿ ಇರಲಿ ಅಂತ ನಾನು ಅರಿಶಿನ ಕುಂಕುಮದ ಬಟ್ಟಲು, ಒಂದು ತಟ್ಟೆ ಮಲ್ಲಿಗೆ ಇಟ್ಟೆ. ದುಡ್ಡಿನ ಡಬ್ಬಿ ಕಾಯಲು ನಮ್ಮ ಯಜಮಾನರನ್ನು ಕೂರಿಸಿ, ಪುಟ್ಟಿ ಗೈಡ್ ಮೇಡಮ್ಮನ್ನು ಕರೆತರಲು ಟ್ರಾಮ್ ನಿಲ್ದಾಣಕ್ಕೆ ಹೋದಳು.

ಮೊದಲು ಬಂದವರು ಪಕ್ಕದ ಮನೆಯ ಅಜ್ಜಿ. ಕುಂಕುಮ ಇಟ್ಟೆ, ಹೂ ಕೊಟ್ಟೆ. ಅವರು ಒಂದು ಕುಲಾವಿ ಎತ್ತಿ ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸಿ, ಪರ್ಸು ತೆಗೆದರು. ನನ್ನ ಕೈ ತಾನಾಗಿ ಹೋಗಿ ಅವರ ಪರ್ಸು ಮುಚ್ಚಿತು. ವಾರವಾರವೂ ನಮ್ಮ ಕಸದ ಡಬ್ಬಿಯನ್ನು ರಸ್ತೆಗೆ ಎಳೆದಿಡುವವರು, ಕುಂಕುಮ ಇಡಿಸಿಕೊಂಡು ಎದುರಿಗೆ ನಿಂತಿದ್ದಾರೆ, ಅವರ ಹತ್ತಿರ ದುಡ್ಡು ಇಸಕೊಳ್ಳುವುದೇ? ಕುಲಾವಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕೈಗಿತ್ತೆ. ಅದನ್ನು ಸೊಸೆ ನೋಡಿದಳು. ಆಮೇಲೆ ಬಂದವರು ಅವಳ ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿಯರು; ಅವಳೂ ಹಾಗೇ ಕೊಟ್ಟಳು. ಸರ್ಜನ್ನಮ್ಮ ತನ್ನ ನರ್ಸುಗಳಿಗೆ ಕೊಟ್ಟಳು. ಎಂಜಿನಿಯರ್ ಹುಡುಗಿ ಮನೆ ಮಾಲೀಕಳಿಗೆ ಕೊಟ್ಟಳು. ನೋಡನೋಡುತ್ತಿದ್ದಂತೆ ಮೇಜು ಬರಿದಾಯಿತು. ಎಲ್ಲರ ಹಣೆಯಲ್ಲೂ ಕುಂಕುಮ. ಹಾಲ್ ಕಳೆಗಟ್ಟಿತ್ತು. ನನಗೆ ಎಷ್ಟು ಹಿಗ್ಗು ಅಂತೀರಿ!

ಪುಟ್ಟಿ ಮೇಡಮ್ಮನ ಜೊತೆ ಒಳಗೆ ಬಂದಳು. ಬರಿ ಮೇಜು ನೋಡಿ ಮುಖ ಅರಳಿತು. "ಅಜ್ಜೀ! ಎಲ್ಲಾ ಸೋಲ್ಡ್?"

"ಎಲ್ಲಾ ಖಾಲಿ ಕಂದಾ!"

ಅವಳು ತೂಕಡಿಸುತ್ತಿದ್ದ ತಾತನ ಮುಂದಿದ್ದ ಡಬ್ಬಿ ತೆರೆದಳು. ಚಿಲ್ಲರೆ ಕೊಡಲು ಬೆಳಿಗ್ಗೆ ಅವಳೇ ಹಾಕಿದ್ದ ನಾಣ್ಯಗಳು ಹಾಗೇ ಇದ್ದವು.

"ತಾತಾ, ದುಡ್ಡೆಲ್ಲಿ?"

"ಯಾರೂ ಈ ಕಡೆ ಬರಲೇ ಇಲ್ವಲ್ಲಮ್ಮಾ."

ಪುಟ್ಟಿ ನನ್ನ ಕಡೆ ತಿರುಗಿದಳು. "ಅಜ್ಜಿ, ಇದು ಮಾರಾಟ! ಅರಿಶಿನ ಕುಂಕುಮ ಅಲ್ಲ!"

ಅವಳು ಅಷ್ಟು ಚೊಕ್ಕ ಕನ್ನಡ ಅದಕ್ಕೆ ಮೊದಲು ಆಡಿರಲಿಲ್ಲ. ಮೇಡಮ್ಮು ಪಾಪ, ಮರ್ಯಾದೆಯಿಂದ ಒಂದು ಲೋಟ ಟೀ ಕುಡಿದು ಹೊರಟರು. ಸಂಸ್ಥೆಗೆ ಕೊಡಬೇಕಾದದ್ದನ್ನು ಹೆಂಗಸರೇ ತಮ್ಮ ಕೈಯಿಂದ ಕೊಟ್ಟರು, ಅದು ಬೇರೆ. ಆದರೆ ಪುಟ್ಟಿ ತೋರಿಸಬೇಕೆಂದಿದ್ದದ್ದು ಹಾಳಾಯಿತು. ಫಾಲೋಫೀಲ್ಡಿಗೆ ಹೋದವಳು ಫೋನೆತ್ತಲಿಲ್ಲ. ನಿನ್ನದೇನೂ ತಪ್ಪಿಲ್ಲ ಬಿಡಮ್ಮ, ಅವಳು ಹೇಗೂ ಓದು ಬಿಡೋಳೇ ಇದ್ದಳು ಅಂದ ಮಗ. ಅವನ ಸಮಾಧಾನ ಬೈಗುಳಕ್ಕಿಂತ ಉರಿಯಿತು. ಸೂಜಿ ಮುಟ್ಟಲು ಮನಸ್ಸಾಗಲಿಲ್ಲ. ಮೇಜಿನ ಮೂಲೆಯಲ್ಲಿ ಯಾರೂ ಒಯ್ಯದೆ ಉಳಿದಿದ್ದದ್ದು ಒಂದೇ ಒಂದು, ಸರ್ಜನ್ನಮ್ಮನ ಗಂಟು ಗಂಟಿನ ಸೂಜಿ ದಿಂಬು. ಅದನ್ನು ಮನೆಗೆ ತಂದು ಕಿಟಕಿಯ ಮೇಲೆ, ಪರದೆಯ ಹಿಂದೆ ಇಟ್ಟೆ.

ಒಂದು ವಾರ ಕಳೆದು, ಒಂದು ಸಂಜೆ ಪುಟ್ಟಿ ಬಂದಳು. ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ಕೇಳಿದಳು, ಕೋಪವಿರಲಿಲ್ಲ: "ಅಜ್ಜಿ, ವೈ? ನಿಜ ಹೇಳು. ಯಾಕೆ ದುಡ್ಡು ತಗೊಳ್ಳಲಿಲ್ಲ?"

"ಗುರುತಿನೋರ ಹತ್ರ ಹೆಂಗೆ ಕೇಳೋದು ಪುಟ್ಟಿ? ನನ್ನ ಕೈಲಿ ಆಗಲ್ಲಮ್ಮ. ತುಮಕೂರಲ್ಲೂ ಅಷ್ಟೆ, ಓಣಿಯವರ ದುಡ್ಡು ನಿನ್ನ ತಾತನೇ ಕೇಳಿ ಇಸ್ಕೊಂಡು ಬರೋರು. ಹೊಲಿಯೋಳು ನಾನು. ಅಲ್ಲೂ ಮಾರೋಕೆ ಬೇರೆ ಯಾರನ್ನಾದ್ರೂ ನಿಲ್ಲಿಸಬೇಕಿತ್ತು."

ಒಲೆಯ ಮೇಲೆ ಸಾರು ಉಕ್ಕಿತು, ನಾನು ಇಳಿಸಿದೆ.

"ಲೀಡ್ಸಿನ ಲೇಡೀಸೂ ಮಾರಲಿಲ್ಲ," ಅಂದಳು. "ಬರೀ ಸೆಂಡ್ ಮಾಡಿದ್ರು. ಮಾರಿದ್ದು ಆ ಕಡೆಯ ಲೇಡೀಸ್. ಅಜ್ಜಿ, ಹೊಲಿದೋರ ಪೇಪರ್ಸ್‌ನಲ್ಲಿ ನಾನು ದುಡ್ಡು ಹುಡುಕ್ತಿದ್ದೀನಿ. ಅಲ್ಲಿ ಹೇಗಿರುತ್ತೆ?"

ಪೆಟ್ಟಿಗೆ ಹಡಗು ಹತ್ತಿದ್ದು ಅವಳಿಗೆ ಮೊದಲೇ ಗೊತ್ತಿತ್ತು, ನನಗೂ ಹೇಳಿದ್ದಳು. ಆದರೂ ಇಷ್ಟು ದಿನ ಲೀಡ್ಸ್ ಬಿಟ್ಟು ಕದಲಿರಲಿಲ್ಲ. ಆ ದಿಂಬಿನ ಮೇಲಿನ ಪುಸ್ತಕಗಳ ಮೇಲೆ ಅಷ್ಟು ಮೋಹ. ಅವತ್ತು ನಿರ್ಧಾರ ಮಾಡಿದಳು: ಬರೆದ ಅರ್ಧ ಅಧ್ಯಾಯ ಕಸಕ್ಕೆ, ಇನ್ನು ಮಾರಿದವರ ಕಡೆ ಹೋಗುವುದು. ಈಗ ದಾರಿ ಬದಲಿಸಿದರೆ ಪರಿಶೀಲನೆಯೊಳಗೆ ಮುಗಿಯುವುದಿಲ್ಲ ಅಂತ ಮೇಡಮ್ಮು ಹೆದರಿಸಿದರಂತೆ. "ಮುಗೀದಿದ್ರೆ ಮುಗೀಲಿಲ್ಲ," ಅಂದಳು ನನಗೆ. ನಾನು ಹೂಂ ಅಂದೆ. ದೇವರ ಮುಂದೆ ಹೋಗಿ ದೀಪ ಹಚ್ಚಿದೆ.

ಅಮೆರಿಕದ ಹಳೇ ಪತ್ರಿಕೆಗಳು ಕಂಪ್ಯೂಟರಿನಲ್ಲಿ ಸಿಗುತ್ತವೆ. ಸಿಗುತ್ತವೆ ಅನ್ನುವುದು ದೊಡ್ಡ ಮಾತು. ಮಸಿ ಚೆಲ್ಲಿದ ಹಾಳೆಗಳು, ಹುಡುಕುವ ಪದ ಕೊಟ್ಟರೆ ಬೇಡದ್ದೇ ಬರುತ್ತದೆ. ನಮ್ಮ ಊಟದ ಮೇಜಿನ ಮೇಲೆ ಕೂತು ಒಂದೊಂದೇ ಪುಟ ಕಣ್ಣಲ್ಲೇ ಓದಿದಳು. ನಾನು ಪಕ್ಕದಲ್ಲಿ ಅವರೆಕಾಯಿ ಇಲ್ಲದ ಊರಲ್ಲಿ ಬಟಾಣಿ ಸುಲಿಯುತ್ತ ಕೂರುತ್ತಿದ್ದೆ. ಎಷ್ಟೋ ದಿನ ಏನೂ ಇಲ್ಲ. ಕಡೆಗೊಂದು ಶನಿವಾರ ಕುರ್ಚಿ ಬೀಳುವ ಹಾಗೆ ಎದ್ದಳು. ಅಲ್ಲಿಯ ಹೆಂಗಸರು ಮಾರಾಟ ಮುಗಿದ ಮೇಲೆ ಪತ್ರಿಕೆಯಲ್ಲೇ ವರದಿ ಅಚ್ಚು ಹಾಕಿಸುತ್ತಿದ್ದರು. ಲೀಡ್ಸಿನಿಂದ ಬಂದ ಪೆಟ್ಟಿಗೆಗೆ ವಂದನೆ. ಆ ವರ್ಷದ ಹಣದಲ್ಲಿ ಓಡಿಬಂದವರಿಗೆ ಬೂಟು, ಬೆಚ್ಚನೆ ಬಟ್ಟೆ, ಗಡಿ ದಾಟಲು ಟಿಕೀಟು. ಕೆಳಗೆ ಒಂದು ವಿನಂತಿ: ಸೂಜಿ ದಿಂಬು ಸಾಕು, ದಯವಿಟ್ಟು ಇನ್ನು ಕೂಸಿನ ಟೋಪಿಗಳನ್ನು ಹೆಚ್ಚು ಕಳಿಸಿ.

"ಸೂಜಿ ದಿಂಬು ಆಗಲೂ ಯಾರಿಗೂ ಬೇಕಾಗಿರಲಿಲ್ಲ!" ಅಂತ ನಾನು ನಕ್ಕೆ. ಅವಳು ನಗುತ್ತ ನಗುತ್ತ ಅತ್ತಳು.

ಒಂದು ಟೋಪಿಗೆ ಒಬ್ಬರು ಬಿಡುಗಡೆಯಾದರು ಅಂತ ಪುಟ್ಟಿ ಎಲ್ಲೂ ಬರೆದಿಲ್ಲ. ಓಡಿದ ಕಾಲು ಅವರದು, ಹೆದರಿಕೆ ಅವರದು. ಹೊಲಿದವರದು ಎಷ್ಟೋ ಅಷ್ಟನ್ನೇ ಬರೆದಿದ್ದೇನೆ ಅಂದಳು. ನಾನು ಕೇಳಿದ ಹತ್ತಿ ಕೂಲಿಯ ಪ್ರಶ್ನೆಯನ್ನೂ ಹಾಕಿದ್ದಾಳಂತೆ, ಉತ್ತರ ಸಿಕ್ಕಿಲ್ಲ ಅಂತಲೂ ಬರೆದಿದ್ದಾಳಂತೆ. ಪರಿಶೀಲನೆ ದಾಟಿತು, ಮತ್ತೆ ತಿದ್ದಿದಳು, ಮತ್ತೆ ಬರೆದಳು. ಇವತ್ತು ಪಾಸಾದಳು!

ಸಂಜೆ ಎಲ್ಲರೂ ಒಟ್ಟಿಗೆ ಕೂತೆವು. ಮಗ ರೋಟಾ ಬದಲಾಯಿಸಿಕೊಂಡು ಬೇಗ ಬಂದಿದ್ದ. ಸೊಸೆ ಕೋಸಂಬರಿ ಕಲಸಿದಳು. ಯಜಮಾನರು ಶಲ್ಯ ಹೊದ್ದು ಮದುವೆ ಮನೆಗೆ ಬಂದವರ ಹಾಗೆ ಕೂತಿದ್ದರು.

ಮಗ ಬಡಿಸುತ್ತಿದ್ದ. "ಡಾಕ್ಟರ್ ಮೇಡಂ, ಇನ್ನೊಂದು ಹೋಳಿಗೆ?"

"ಡ್ಯಾಡ್, ಸ್ಟಾಪ್ ಇಟ್." ಆದರೆ ತಟ್ಟೆ ಮುಂದೆ ಚಾಚಿದಳು.

ಊಟದ ನಡುವೆ ಎದ್ದು ಹೋಗಿ ಕಿಟಕಿಯ ಮೇಲಿದ್ದ ಆ ಗಂಟು ಗಂಟಿನ ಸೂಜಿ ದಿಂಬು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಜೇಬಿನಿಂದ ಒಂದು ಪೌಂಡು ತೆಗೆದು ಅದರ ಮುಂದೆ ಇಟ್ಟಳು.

"ಅಜ್ಜಿ, ಇದನ್ನ ನಂಗೆ ಮಾರು. ಒಂದೇ ಒಂದು ಸಲ. ನೀನು ಮಾರೋದು ನಾನು ನೋಡ್ಬೇಕು."

ಎಲ್ಲರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ನಾನೂ ನಾಣ್ಯ ನೋಡಿದೆ, ಅವಳ ಮುಖ ನೋಡಿದೆ. ಕೈ ಹೋಯಿತು ನಿಜ, ನಾಣ್ಯದ ಕಡೆಗಲ್ಲ. ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಿಗೆ ಹಾಕಿದೆ.

"ಓ ಮೈ ಗಾಡ್, ಅಜ್ಜಿ!"

"ಸುಮ್ನೆ ಉಣ್ಣೇ, ಹೋಳಿಗೆ ಆರೋಗತ್ತೆ," ಅಂದು ಅವಳ ತಟ್ಟೆಗೆ ತುಪ್ಪ ಹಾಕಿದೆ.